ಕೂಲಿ ಪಡೆಯುವ ಕೈ, ಕೂಲಿ ಬೇಡವೆನ್ನುವ ಕೈ



ಕೂಲಿ ತೆಗೆದುಕೊಂಡು ಮಾಡಿದ ಕೆಲಸಕ್ಕಿಂತ ಕೂಲಿಯಿಲ್ಲದೆ ಮಾಡಿದ ಕೆಲಸ ದೇವರಿಗೆ ಹೆಚ್ಚು ಪ್ರಿಯವೇ? ಕೇಳಿದ ತಕ್ಷಣ ನಮ್ಮಲ್ಲಿ ಬಹುಪಾಲು ಜನ ಹೌದು ಎನ್ನುತ್ತೇವೆ. ಪೀಠಕ್ಕೆ ಹೂ ಜೋಡಿಸುವವರದು, ಗಾನವೃಂದದವರದು, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರದು ಸೇವೆ. ಗಾರೆ ಮೇಸ್ತ್ರಿಯದು, ಕರೆಂಟಿನ ಕೆಲಸದವನದು, ಗುಂಡಿ ತೋಡುವವನದು ಕೆಲಸ. ಸೇವೆಗೆ ಹಬ್ಬದ ದಿನ ಶಾಲು, ಕೆಲಸಕ್ಕೆ ಆವತ್ತಿನ ದುಡ್ಡು. ಅಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿದಿಲ್ಲ ಎಂದು ನನಗೆ ಅನ್ನಿಸಿರುವುದರಿಂದ ಈ ಬರಹ.

ಉದಾಹರಣೆಗೆ ರೈಲನ್ನು ತೆಗೆದುಕೊಳ್ಳುತ್ತೇನೆ. ನಮ್ಮ ಧರ್ಮಪ್ರಾಂತ್ಯದಲ್ಲಿ ಒಂದೇ ಭಾನುವಾರ ತೆಲುಗು, ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ನಡೆಯುವುದಕ್ಕೆ ರೈಲೂ ಒಂದು ಕಾರಣ. ಗುಂತಕಲ್ಲಿನಂಥ ಜಂಕ್ಷನ್ ಊರುಗಳಿಗೆ ರೈಲ್ವೆ ಕೆಲಸಕ್ಕೆಂದು ಬಂದ ಕುಟುಂಬಗಳು ತಮ್ಮ ಭಾಷೆಯ ಜಪ, ಹಾಡುಗಳನ್ನೂ ಜೊತೆಗೆ ತಂದವು. ಗುಮ್ಮಘಟ್ಟದ ನಮಗೆ ರೈಲೆಂದರೆ ರಾಯದುರ್ಗದ ಸ್ಟೇಷನ್. ಬಳ್ಳಾರಿಯಿಂದ ಅಲ್ಲಿಯವರೆಗೆ ಮೀಟರ್ ಗೇಜ್ ಗಾಡಿ ಬರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಆ ಹಳಿ ಈಗಿಲ್ಲ, ಅಗಲದ ಹಳಿ ಬಂತು. ಹಳೆಯದನ್ನು ಹಾಗೇ ಉಳಿಸಿಕೊಳ್ಳಬೇಕಿತ್ತು ಎಂದು ಅತ್ತವರನ್ನು ನಾನು ಕಂಡಿಲ್ಲ. ಬಳ್ಳಾರಿ ಆಸ್ಪತ್ರೆಗೆ ಬೇಗ ತಲುಪಬೇಕಾದವರಿಗೆ ಹಳೆಯ ಗಾಡಿಯ ಚೆಂದ ಕಟ್ಟಿಕೊಂಡು ಏನು?

ಆದರೆ ಹಾಗೆ ಅತ್ತವರು ಒಂದು ಕಡೆ ಇದ್ದರು. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಗುಡ್ಡಗಾಡಿನಲ್ಲಿ ಟಾಲಿಲಿನ್ ಎಂಬ ಪುಟ್ಟ ರೈಲುದಾರಿ ಇದೆ. ಬೆಟ್ಟದ ಗಣಿಯಿಂದ ಚಪ್ಪಡಿಗಲ್ಲು ಇಳಿಸಲು 1860ರ ದಶಕದಲ್ಲಿ ಹಾಕಿದ್ದು. ಹಳಿಯ ಅಗಲ ಎರಡು ಅಡಿ ಮೂರು ಇಂಚು, ಅಂದರೆ ನಮ್ಮ ಹಳೆಯ ಮೀಟರ್ ಗೇಜಿಗಿಂತಲೂ ಒಂದು ಅಡಿ ಕಡಿಮೆ. ಗಣಿ ಮುಚ್ಚಿತು. ರೈಲಿನ ಯಜಮಾನ ಹೇಡನ್ ಜೋನ್ಸ್ ಎಂಬವರು, ತಾವು ಬದುಕಿರುವವರೆಗೆ ಗಾಡಿ ಓಡುತ್ತದೆ ಎಂದಿದ್ದರು, ಹಾಗೆಯೇ ನಷ್ಟದಲ್ಲೂ ಓಡಿಸಿದರು. 1950ರಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಹಳಿಗಳು ಎಷ್ಟು ಸವೆದಿದ್ದವೆಂದರೆ, ಸ್ಲೀಪರುಗಳಲ್ಲ, ಸುತ್ತ ಬೆಳೆದ ಹುಲ್ಲೇ ಅವನ್ನು ಹಿಡಿದು ನಿಲ್ಲಿಸಿದೆ ಎಂದು ಜನ ಹೇಳುತ್ತಿದ್ದರಂತೆ. ಟಾಮ್ ರೋಲ್ಟ್ ಎಂಬ ಲೇಖಕರು ಮತ್ತು ಕೆಲವರು ಅದೇ ವರ್ಷ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಒಂದು ಹೋಟೆಲಿನಲ್ಲಿ ಸಭೆ ಕರೆದು, ಸಂಘ ಕಟ್ಟಿ, 1951ರ ಮೇ ತಿಂಗಳಲ್ಲಿ ಮತ್ತೆ ಗಾಡಿ ಓಡಿಸಿದರು. ಸ್ವಯಂಸೇವಕರು ಕೈಹಿಡಿದು ಉಳಿಸಿಕೊಂಡ ಲೋಕದ ಮೊದಲ ರೈಲು ಅದು. ಈಗ ಬ್ರಿಟನ್ನಿನಲ್ಲಿ ಅಂಥವು ನೂರಕ್ಕೂ ಹೆಚ್ಚು.

ಬೇಸಿಗೆಯಲ್ಲಿ ಅಲ್ಲಿ ಪ್ರವಾಸಿಗರು ತುಂಬಿರುತ್ತಾರೆ. ಟೋಪಿ ಹಾಕಿಕೊಂಡು ಹಸಿರು ಬಾವುಟ ಬೀಸುವುದು, ಎಂಜಿನ್ನಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಯಾರಿಗೆ ಬೇಡ? ನನ್ನ ಮಾತು ಚಳಿಗಾಲದ ಬಗ್ಗೆ. ಹಿಮ, ಮಳೆ, ನಾಲ್ಕು ಗಂಟೆಗೇ ಕತ್ತಲು. ಆಗ ಗಾಡಿಗಳು ನಿಲ್ಲುತ್ತವೆ ಅಥವಾ ತೀರಾ ಕಡಿಮೆಯಾಗುತ್ತವೆ, ಆಗಲೇ ನಿಜವಾದ ಕೆಲಸ ಶುರುವಾಗುವುದು. ಕೊಳೆತ ಸ್ಲೀಪರನ್ನು ಸನಿಕೆಯಿಂದ ಎಬ್ಬಿಸಿ ಹೊಸದನ್ನು ತೂರಿಸಬೇಕು. ಜಲ್ಲಿ ತುಂಬಿ ಬಡಿದು ಗಟ್ಟಿ ಮಾಡಬೇಕು. ಹಳಿಯ ಎರಡೂ ಬದಿಯ ಚರಂಡಿಯಲ್ಲಿ ಎಲೆ, ಕೆಸರು ಕಟ್ಟಿಕೊಂಡಿರುತ್ತದೆ. ಅದನ್ನು ಎತ್ತದಿದ್ದರೆ ನೀರು ಜಲ್ಲಿಯ ಕೆಳಗೆ ಇಳಿದು ಮಣ್ಣನ್ನು ರೊಚ್ಚು ಮಾಡಿ, ಮುಂದಿನ ಬೇಸಿಗೆಯಲ್ಲಿ ಗಾಡಿಯ ಭಾರಕ್ಕೆ ಹಳಿ ಕುಸಿಯುತ್ತದೆ. ರೈಲಿಗೆ ನೀರೇ ದೊಡ್ಡ ಶತ್ರು ಎಂಬುದು ಬಯಲುಸೀಮೆಯ ನಮಗೆ ವಿಚಿತ್ರವಾಗಿ ಕೇಳಿಸಬಹುದು.

ಬಾಯ್ಲರಿನ ಕೆಲಸ ಇನ್ನೊಂದು. ನಮ್ಮ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಉಗಿ ಎಂಜಿನ್ನಿನ ಹೊಟ್ಟೆಯೊಳಗೂ ಹಾಗೆಯೇ. ಆ ಪದರ ಶಾಖವನ್ನು ನೀರಿಗೆ ದಾಟಿಸುವುದಿಲ್ಲ. ಬೆಂಕಿಯ ಕಡೆಯ ಲೋಹ ಅತಿಯಾಗಿ ಕಾಯುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಒಳಗಿನ ಒತ್ತಡ ತಡೆಯದೆ ಬಿಟ್ಟುಕೊಡುತ್ತದೆ. ಆದ್ದರಿಂದ ಬಿರಡೆಗಳನ್ನು ಬಿಚ್ಚಿ, ಜೋರು ನೀರು ಹಾಯಿಸಿ, ಕಡ್ಡಿಯಿಂದ ಕೆರೆದು, ಟಾರ್ಚ್ ಹಾಕಿ ಮೂಲೆಮೂಲೆ ನೋಡುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಶಾಲಾ ಶಿಕ್ಷಕರು, ವೈದ್ಯರು, ನಿವೃತ್ತ ಎಂಜಿನಿಯರುಗಳು ರಜೆ ಹಾಕಿ ಬಂದು ಮೊಣಕೈವರೆಗೆ ಮಸಿ ಮಾಡಿಕೊಂಡು ಇದನ್ನು ಮಾಡುತ್ತಾರೆ. ಚಪ್ಪಾಳೆ ಹೊಡೆಯಲು ಒಬ್ಬ ಪ್ರಯಾಣಿಕನೂ ಆಗ ಇರುವುದಿಲ್ಲ.

ನಮ್ಮ ಪತ್ರಿಕೆಗೆ ಹೊಂದುವ ಒಂದು ವಿಷಯ ಇಲ್ಲಿದೆ. ಥಾಮಸ್ ಎಂಬ ನೀಲಿ ಎಂಜಿನ್ನಿನ ಕಾರ್ಟೂನು ನಮ್ಮ ಮಕ್ಕಳಿಗೆ ಗೊತ್ತು. ಆ ಕಥೆಗಳನ್ನು ಬರೆದ ಆಡ್ರಿ ಅವರು ಆಂಗ್ಲಿಕನ್ ಸಭೆಯ ಪಾದ್ರಿ. 1952ರಲ್ಲಿ ಅವರು ಟಾಲಿಲಿನ್ ರೈಲಿನಲ್ಲಿ ಸ್ವಯಂಸೇವಕ ಗಾರ್ಡ್ ಆಗಿ ಕೆಲಸ ಮಾಡಿದರು. ಒಮ್ಮೆ ತಿಂಡಿ ಮಾರುವ ಹೆಂಗಸನ್ನು ಸ್ಟೇಷನ್ನಿನಲ್ಲೇ ಬಿಟ್ಟು ಸೀಟಿ ಊದಿಬಿಟ್ಟರಂತೆ! ಅದನ್ನೂ ಆಮೇಲೆ ಕಥೆಯಾಗಿಸಿದರು.

ಅದೇ ನಾಡಿನ ಫೆಸ್ಟಿನಿಯಾಗ್ ರೈಲಿನದು ಇನ್ನೂ ದೊಡ್ಡ ಸಾಹಸ. ವಿದ್ಯುತ್ ಯೋಜನೆಗೆ ಕಟ್ಟಿದ ಜಲಾಶಯ ಅದರ ಹಳಿಯ ಒಂದು ಭಾಗವನ್ನು ನುಂಗಿತು. ಹಿನ್ನೀರಿಗೆ ದಾರಿ ಹೋಗುವುದೆಂದರೆ ಏನೆಂದು ಭೈರವಾನಿತಿಪ್ಪದ ಅಣೆಕಟ್ಟಿನ ಪಕ್ಕದಲ್ಲಿ ಬದುಕುವ ನಮಗೆ ವಿವರಿಸಬೇಕಿಲ್ಲ. ಅವರು 1965ರಲ್ಲಿ ಸಲಿಕೆ ಹಿಡಿದು ಬೆಟ್ಟ ಕಡಿಯಲು ಶುರು ಮಾಡಿ, ಹಳಿಯನ್ನು ಒಂದು ಸುತ್ತು ಸುತ್ತಿಸಿ ಎತ್ತರಕ್ಕೆ ಏರಿಸಿ, 1978ರಲ್ಲಿ ಮುಗಿಸಿದರು. ಹದಿಮೂರು ವರ್ಷ. ಕೆಲಸದ ಬಹುಪಾಲು ಸ್ವಯಂಸೇವಕರದು.

ಇದನ್ನು ಯುವಕೂಟದಲ್ಲಿ ಹೇಳಿದಾಗ ಹುಡುಗ ಹುಡುಗಿಯರಿಗೆ ಖುಷಿಯಾಯಿತು. ಒಬ್ಬನನ್ನು ಬಿಟ್ಟು. ಅವನು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಪೀಸ್ ಲೆಕ್ಕದಲ್ಲಿ ದುಡಿಯುತ್ತಾನೆ. ಅವನು ಕೇಳಿದ್ದು ಇಷ್ಟೇ: “ಅಣ್ಣಾ, ಅವರಿಗೆ ಆ ದಿನಗಳಲ್ಲಿ ಮನೆಗೆ ಅಕ್ಕಿ ಯಾರು ತರ್ತಿದ್ರು?”

ನನ್ನ ಮಟ್ಟಿಗೆ ಪ್ರಶ್ನೆ ಅಲ್ಲೇ ತಿರುವು ಪಡೆಯಿತು. ಅವರಿಗೆ ಸಂಬಳದ ರಜೆ ಇತ್ತು. ಶನಿವಾರ, ಭಾನುವಾರ ಬಿಡುವಿತ್ತು. ಪಿಂಚಣಿ ಇತ್ತು. ಅವರ ಶ್ರಮ ಇದರಿಂದ ಸಣ್ಣದಾಗುವುದಿಲ್ಲ. ಟಿವಿ ಮುಂದೆ ಕೂರಬಹುದಾಗಿದ್ದವರು ಕೆಸರಿನಲ್ಲಿ ನಿಂತರು. ಆದರೆ ಅದೇ ಕೆಲಸವನ್ನು, ಅದೇ ಸನಿಕೆ, ಅದೇ ಜಲ್ಲಿ, ಅದೇ ಚಳಿಯಲ್ಲಿ, ಕೂಲಿಗೆ ಮಾಡುವವನೊಬ್ಬ ಇದ್ದಾನೆ. ಅವನ ಮೇಲೆ ಯಾರೂ ಲೇಖನ ಬರೆಯುವುದಿಲ್ಲ.

ನಮ್ಮ ರೈಲುದಾರಿಯ ಕೀಮನ್ ಅನ್ನು ನೋಡಿ. ಬೆಳಗಿನ ಜಾವ ಭುಜದ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹೊತ್ತು ತನ್ನ ಪಾಲಿನ ಕೆಲವು ಕಿಲೋಮೀಟರ್ ಹಳಿಯ ಉದ್ದಕ್ಕೆ ನಡೆಯುತ್ತಾನೆ. ಸಡಿಲವಾದ ಕ್ಲಿಪ್ಪನ್ನು ಬಡಿದು ಕೂರಿಸುತ್ತಾನೆ, ಬೆಸುಗೆಯಲ್ಲಿ ಬಿರುಕು ಇದೆಯೇ ನೋಡುತ್ತಾನೆ. ಚಳಿಗಾಲಕ್ಕೂ ಬಿರುಕಿಗೂ ಸಂಬಂಧವಿದೆ. ನಾನು ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ ಇದು, ಸ್ವಲ್ಪ ಸಹಿಸಿಕೊಳ್ಳಿ. ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಹಳಿಯನ್ನು ಸುಮ್ಮನೆ ನೆಲದ ಮೇಲಿಟ್ಟು 30 ಡಿಗ್ರಿ ತಣ್ಣಗೆ ಮಾಡಿದರೆ ಅದು ಸುಮಾರು 34 ಸೆಂಟಿಮೀಟರ್ ಕುಗ್ಗುತ್ತದೆ. ಮೊದಲು ಹಳಿ ತುಂಡುಗಳ ನಡುವೆ ಸಂದು ಬಿಡುತ್ತಿದ್ದರು. ಹಳೆಯ ಗಾಡಿಯ ಟಕಟಕ ಸದ್ದು ಆ ಸಂದಿನದೇ. ಈಗ ಹಳಿಗಳನ್ನು ಉದ್ದಕ್ಕೆ ಬೆಸೆದು ಸ್ಲೀಪರಿಗೆ ಬಿಗಿದಿರುತ್ತಾರೆ, ಕುಗ್ಗಲು ಜಾಗವಿಲ್ಲ. ಕುಗ್ಗಲಾರದ ಉಕ್ಕು ಒಳಗೊಳಗೇ ಎಳೆಯುತ್ತದೆ. ಈಗ ಸಾಮಾನ್ಯವಾಗಿ ಹಾಕುವ, ಮೀಟರಿಗೆ 60 ಕೆಜಿ ತೂಗುವ ಹಳಿಯಲ್ಲಿ 30 ಡಿಗ್ರಿ ವ್ಯತ್ಯಾಸಕ್ಕೆ ಆ ಎಳೆತ 50 ಟನ್ನಿಗೂ ಹೆಚ್ಚು. ಎಲ್ಲಾದರೂ ಬೆಸುಗೆ ಸೋತಿದ್ದರೆ ಅದು ತುಂಡಾಗುವುದು ಚಳಿಯ ರಾತ್ರಿಯ ಕೊನೆಯ ಜಾವದಲ್ಲಿ. ಉತ್ತರದ ಬಯಲುಗಳಲ್ಲಿ ಇದಕ್ಕೆಂದೇ ರಾತ್ರಿ ಗಸ್ತು ಹಾಕುತ್ತಾರೆ. ಟಾರ್ಚು ಹಿಡಿದ ಇಬ್ಬರು, ಗಾಡಿ ನಿಲ್ಲಿಸಬೇಕಾದರೆ ಹಳಿಯ ಮೇಲಿಡಲು ಪಟಾಕಿಗಳು, ಸುತ್ತ ಮಂಜು. ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಿಸದೆ ಹೋದವರೂ ಇದ್ದಾರೆ.

ಪಾರಂಪರಿಕ ರೈಲು ಎಂದು ಹೆಸರಾದ ನಮ್ಮ ಪಕ್ಕದ ನೀಲಗಿರಿ ರೈಲಿನಲ್ಲೂ ಹೀಗೆಯೇ. ಮೇಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, 208 ತಿರುವು, 16 ಸುರಂಗ, 250 ಸೇತುವೆ. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿತು. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಏರುವಂಥ ಕಡಿದಾದ ಜಾಗದಲ್ಲಿ, ಎರಡು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಹತ್ತುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತ ಜೋರಾದಾಗ ಗುಡ್ಡ ಜರಿದು, ಬಂಡೆ, ಮರ ಹಳಿಯ ಮೇಲೆ ಬಿದ್ದು ಮತ್ತೆ ಮತ್ತೆ ಗಾಡಿ ನಿಲ್ಲುತ್ತದೆ. ಕ್ರಿಸ್‌ಮಸ್ ರಜೆಗೆ ಟಿಕೆಟ್ ಮಾಡಿಸಿದವರು ಗೊಣಗುತ್ತಾರೆ. ಅತ್ತ ಮಳೆಯಲ್ಲಿ ನೆನೆಯುತ್ತ ಹಾರೆ ಹಿಡಿದು ಬಂಡೆ ಉರುಳಿಸಿ, ಹಲ್ಲುಪಟ್ಟಿಯ ಒಂದೊಂದು ಹಲ್ಲಿನಿಂದ ಮಣ್ಣು ಕೆರೆದು ದಾರಿ ಬಿಡಿಸುವವರು ರೈಲ್ವೆಯ ಟ್ರ್ಯಾಕ್‌ಮನ್ನುಗಳು ಮತ್ತು ಗುತ್ತಿಗೆಯ ಕೂಲಿಗಳು. ಪರಂಪರೆಯ ಪ್ರೀತಿಯಿಂದ ಮಾಡುತ್ತೀರಾ ಎಂದು ಅವರನ್ನು ಯಾರಾದರೂ ಕೇಳಿದರೆ ನಕ್ಕಾರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ವೇಲ್ಸಿನ ನಿವೃತ್ತ ಬ್ಯಾಂಕ್ ನೌಕರನ ಕೆಲಸ ಸೇವೆ, ಕೂನೂರಿನ ಟ್ರ್ಯಾಕ್‌ಮನ್ನಿನದು ಬರೀ ಹೊಟ್ಟೆಪಾಡು ಎಂದು ಹೇಳುವಿರಾ?

ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಕೂಲಿಗಳ ಸಾಮತಿ ನಮಗೆಲ್ಲ ಗೊತ್ತು. ಕೊನೆಗೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನನ ಔದಾರ್ಯದ ಬಗ್ಗೆಯೇ ಪ್ರಬೋಧನೆ ಕೇಳುತ್ತೇವೆ. ನಾನು ಇನ್ನೊಂದನ್ನು ಗಮನಿಸಿದೆ. ಆ ಯಜಮಾನ ದೇವರ ಪ್ರತೀಕ. ಇಡೀ ತೋಟ, ಇಡೀ ಲೋಕ ಅವನದು. ಆದರೂ ‘ನನ್ನ ತೋಟದಲ್ಲಿ ದುಡಿಯುವುದೇ ನಿನ್ನ ಭಾಗ್ಯ, ಕೂಲಿ ಏಕೆ’ ಎಂದು ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆಯೇ ಕೂಲಿ ಮಾತಾಡುತ್ತಾನೆ, ಸಂಜೆಗೇ ಬಟವಾಡೆ ಮಾಡುತ್ತಾನೆ. ದೇವರೇ ಬಿಟ್ಟಿ ಮಾಡಿಸಿಕೊಳ್ಳುವುದಿಲ್ಲ. ನಜರೇತಿನ ಬಡಗಿಯ ಮನೆಯೂ ಹಾಗೆಯೇ. ಯೇಸುಸ್ವಾಮಿ ಬಹಿರಂಗ ಸೇವೆಗೆ ಬರುವ ಮೊದಲು ಸುಮಾರು ಮೂವತ್ತು ವರ್ಷ ಆ ಊರಿನಲ್ಲಿದ್ದರು. ಅವರು ಕೆತ್ತಿದ ನೊಗಕ್ಕೆ, ಸರಿಪಡಿಸಿದ ಬಾಗಿಲಿಗೆ ಜನ ದುಡ್ಡು ಕೊಟ್ಟಿರಲೇಬೇಕು, ಆ ದುಡ್ಡಿನಿಂದಲೇ ಮಾತೆ ಮರಿಯಮ್ಮನವರು ಹಿಟ್ಟು ಕೊಂಡಿರಬೇಕು. ಕೂಲಿ ಕೈಗೆ ಬಂದ ಮಾತ್ರಕ್ಕೆ ಆ ಕೆಲಸದ ಪಾವಿತ್ರ್ಯ ಕಡಿಮೆಯಾಯಿತೇ?

ಸಂತ ಪೌಲರದು ಇನ್ನೂ ನೇರವಾದ ವಾದ. ಅವರು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಸಿಲ ದಂಪತಿಯ ಜೊತೆ ಗುಡಾರ ಹೊಲಿದು ಜೀವನ ಮಾಡಿದರು, ಅಲ್ಲಿನ ಸಭೆಯಿಂದ ಏನೂ ತೆಗೆದುಕೊಳ್ಳಲಿಲ್ಲ. ಇದನ್ನು ನಾವು ಹೊಗಳುತ್ತೇವೆ. ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯವನ್ನು ಮನೆಯಲ್ಲಿ ತೆಗೆದು ಓದಿ. ತಾನು ಬೇಡವೆಂದದ್ದನ್ನು ಹೇಳುವ ಮೊದಲು ತನಗೆ ಹಕ್ಕಿದೆ ಎಂಬುದನ್ನು ಅವರು ಸಾಲು ಸಾಲಾಗಿ ಸಾಧಿಸುತ್ತಾರೆ. ಸೈನಿಕನ ಉದಾಹರಣೆ, ತೋಟ ಹಾಕಿದವನ ಉದಾಹರಣೆ, ಕುರಿ ಕಾಯುವವನ ಉದಾಹರಣೆ. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂಬ ಹಳೆಯ ಧರ್ಮಶಾಸ್ತ್ರದ ನಿಯಮವನ್ನೂ ಎಳೆದು ತರುತ್ತಾರೆ. ಅಷ್ಟೆಲ್ಲ ಆದ ಮೇಲೆಯೇ, ಈ ಹಕ್ಕನ್ನು ನಾನು ಬಳಸಿಕೊಳ್ಳಲಿಲ್ಲ ಎನ್ನುವುದು. ಈ ಕ್ರಮ ಆಕಸ್ಮಿಕವಲ್ಲ. ನನ್ನದಲ್ಲದ್ದನ್ನು ನಾನು ದಾನ ಮಾಡಲಾರೆ. ಕೂಲಿ ನನ್ನ ಹಕ್ಕು ಎಂದು ಎದುರಿನವನು ಒಪ್ಪಿದ ಮೇಲೆ ಮಾತ್ರ ಅದನ್ನು ಬಿಟ್ಟುಕೊಡುವುದಕ್ಕೆ ದಾನ ಎಂಬ ಹೆಸರು ಸಲ್ಲುತ್ತದೆ. ಒಪ್ಪದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಆ ಹೆಸರು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಬಿಟ್ಟಿ ಚಾಕರಿ, ತೆಲುಗಿನಲ್ಲಿ ವೆಟ್ಟಿ ಚಾಕಿರಿ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳ ಅಜ್ಜ, ಮುತ್ತಜ್ಜಂದಿರು ಊರಿನ ದೊಡ್ಡವರ ಹೊಲದಲ್ಲಿ, ಹಟ್ಟಿಯಲ್ಲಿ, ಮದುವೆ ಚಪ್ಪರದಲ್ಲಿ ಕೂಲಿಯಿಲ್ಲದೆ ದುಡಿದವರು. ಅದನ್ನು ಯಾರೂ ಸೇವೆ ಎನ್ನಲಿಲ್ಲ, ಶಾಲೂ ಹೊದಿಸಲಿಲ್ಲ. ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿತು, 1976ರಲ್ಲಿ ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂತು. ಆದ್ದರಿಂದ ‘ಶ್ರಮದಾನಕ್ಕೆ ಬನ್ನಿ’ ಎಂದು ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದಿದಾಗ ಎಲ್ಲರ ಕಿವಿಗೂ ಆ ಮಾತು ಒಂದೇ ಥರ ಬೀಳುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಅದು ಆಹ್ವಾನ. ಒಬ್ಬ ವಯಸ್ಸಾದ ತಾಯಿ ನನಗೆ ಹೇಳಿದ್ದು ಹೀಗೆ: “ಮಗಾ, ಬರ್ತೀನಪ್ಪಾ, ಬರಲ್ಲ ಅಂದ್ರೆ ಫಾದರ್ ಏನಂದ್ಕೊಂತಾರೋ.” ಅವರು ಬಂದರು, ಕಸ ಗುಡಿಸಿದರು. ಅವರು ಕೊಟ್ಟದ್ದು ದಾನವೋ ಅಥವಾ ಹಳೆಯ ಅಭ್ಯಾಸವೋ?

ಹಾಗಾದರೆ ಬೇಡ ಎನ್ನಲು ಆಗುತ್ತದೆಯೇ ಎಂಬುದೇ ನನಗೆ ತೋಚುವ ಒಂದು ಒರೆಗಲ್ಲು. ಟಾಲಿಲಿನ್ ರೈಲಿಗೆ ಬರುವವನು ಈ ಚಳಿಗಾಲ ಬರಲಾರೆ ಎಂದರೆ ಅವನ ಮನೆಯ ಒಲೆ ಆರುವುದಿಲ್ಲ, ಊರಿನಲ್ಲಿ ಅವನ ಮಾನ ಹೋಗುವುದಿಲ್ಲ. ಬೇಡ ಎನ್ನಬಹುದಾಗಿದ್ದೂ ಬಂದ ಎಂಬುದರಲ್ಲಿದೆ ಅವನ ಬರುವಿಕೆಯ ಬೆಲೆ.

ಇಷ್ಟು ಹೇಳಿ ಕೂಲಿಯ ಪರವಾಗಿ ತೀರ್ಪು ಕೊಟ್ಟು ನಿಲ್ಲಿಸಬಹುದಿತ್ತು. ಆದರೆ ಕೂಲಿಯ ಕೆಲಸದ ಒಳಗೂ ಕೂಲಿಗೆ ಸಿಕ್ಕದ ಏನೋ ಒಂದಿದೆ. ಕೀಮನ್ ದಿನಕ್ಕೆ ಸಾವಿರಾರು ಕ್ಲಿಪ್ಪುಗಳನ್ನು ದಾಟುತ್ತಾನೆ. ಯಾವ ಇನ್‌ಸ್ಪೆಕ್ಟರೂ ಅವನ ಹಿಂದೆ ನಡೆದು ಒಂದೊಂದನ್ನೂ ಎಣಿಸಲಾರ. ಮಂಜಿನಲ್ಲಿ ಬಗ್ಗಿ ನೋಡಿದನೋ, ನೋಡಿದಂತೆ ಮಾಡಿದನೋ ಅವನಿಗೆ ಮತ್ತು ದೇವರಿಗೆ ಮಾತ್ರ ಗೊತ್ತು. ಸಂಬಳ ಅವನ ನಡಿಗೆಯನ್ನು ಕೊಂಡುಕೊಳ್ಳುತ್ತದೆ, ಬಗ್ಗುವುದನ್ನು ಕೊಂಡುಕೊಳ್ಳಲಾರದು. ಆ ಬಗ್ಗುವಿಕೆ ಅವನು ಮುಖ ನೋಡದ ಪ್ರಯಾಣಿಕರಿಗೆ ಕೊಡುವ ಪುಕ್ಕಟೆ ಕಾಣಿಕೆ. ಇನ್ನೊಂದು ಕಡೆ, ಸ್ವಯಂಸೇವಕನೂ ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ. ಗೆಳೆತನ, ಹೆಸರು, ಬಾಲ್ಯದ ಆಸೆ ತೀರಿದ ಸಂತೋಷ ಅವನ ಸಂಬಳ. ಅದರಲ್ಲಿ ತಪ್ಪೇನಿಲ್ಲ. ಅಂದಮೇಲೆ ಕೂಲಿ ಮತ್ತು ಕಾಣಿಕೆಯ ನಡುವಿನ ಗಡಿ ಇಬ್ಬರು ಮನುಷ್ಯರ ನಡುವೆ ಇಲ್ಲ, ಪ್ರತಿಯೊಬ್ಬನ ಕೆಲಸದ ಒಳಗೇ ಹಾದುಹೋಗುತ್ತದೆ. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದು ನ್ಯಾಯವಾದ ಕೂಲಿಯನ್ನು ಧರ್ಮದ ವಿಷಯವಾಗಿಸಿದರು. 1981ರಲ್ಲಿ ಸಂತ ಎರಡನೆಯ ಜಾನ್ ಪೌಲ್, ತಮ್ಮ ಯೌವನದಲ್ಲಿ ಕಲ್ಲುಗಣಿಯಲ್ಲಿ ದುಡಿದಿದ್ದವರು, ಅದೇ ವಿಷಯವನ್ನು ಮುಂದುವರಿಸಿ ಕೆಲಸದ ಬೆಲೆ ಯಾವ ಕೆಲಸ ಎಂಬುದಕ್ಕಿಂತ ಮೊದಲು ಅದನ್ನು ಮಾಡುವವನು ಮನುಷ್ಯ ಎಂಬುದರಲ್ಲಿದೆ ಎಂದು ಬೋಧಿಸಿದರು. ಈಗಿನ ಪೋಪ್ ಹದಿನಾಲ್ಕನೆಯ ಲಿಯೋ ಆ ಹೆಸರನ್ನು ಆರಿಸಿಕೊಂಡದ್ದಕ್ಕೆ 1891ರ ಆ ಪತ್ರವೂ ಒಂದು ಕಾರಣ.

ಸ್ವಯಂಸೇವಕರಿಗೆ, ಅಂದರೆ ನಮ್ಮ ಯುವಕೂಟದವರಿಗೆ, ಒಂದು ಕಟುವಾದ ಮಾತೂ ಇದೆ. ‘ಪುಕ್ಕಟೆ ಮಾಡಿದ್ದೇವೆ, ಹೇಗಿದ್ದರೂ ಸರಿ’ ಎನ್ನುವುದು ಹಳಿಯ ಮೇಲೆ ನಡೆಯುವುದಿಲ್ಲ. ಸಡಿಲ ಬೋಲ್ಟು ಅದನ್ನು ಬಿಗಿದವನಿಗೆ ಸಂಬಳ ಇತ್ತೇ ಎಂದು ಕೇಳಿ ಕಳಚಿಕೊಳ್ಳುವುದಿಲ್ಲ. ಬ್ರಿಟನ್ನಿನ ಆ ರೈಲುಗಳಲ್ಲಿ ಎಂಜಿನ್ ಓಡಿಸಬೇಕಾದ ಸ್ವಯಂಸೇವಕ ಮೊದಲು ಮಸಿ ಒರೆಸಿ, ಆಮೇಲೆ ಬೆಂಕಿ ನೋಡಿಕೊಂಡು, ವರ್ಷಗಟ್ಟಲೆ ಕಲಿತು, ಪರೀಕ್ಷೆ ಪಾಸಾಗಬೇಕು. ಅವುಗಳ ಮೇಲೂ ಸರ್ಕಾರದ ಸುರಕ್ಷತಾ ಇಲಾಖೆಯ ಕಣ್ಣಿದೆ. ನಮ್ಮಲ್ಲಿ ಗೋದಲಿ ಕಟ್ಟಲು ಇಪ್ಪತ್ತು ಜನ ಬರುತ್ತಾರೆ, ನಕ್ಷತ್ರಕ್ಕೆ ಬಲ್ಬು ಹಾಕಲು ಜಗಳವಾಡುತ್ತಾರೆ. ಜನವರಿಯಲ್ಲಿ ಅದನ್ನು ಬಿಚ್ಚಿ, ಹುಲ್ಲು ತೆಗೆದು, ವಯರು ಸುತ್ತಿಡುವ ದಿನ ಮೂವರಿರುತ್ತಾರೆ. ದೇವಾಲಯದ ಮಾಳಿಗೆಯ ನೀರು ಹೋಗುವ ಕೊಳವೆಯಲ್ಲಿ ಬೇವಿನೆಲೆ ಕಟ್ಟಿಕೊಂಡು ಗೋಡೆ ತೇವ ಹಿಡಿದಿರುವುದನ್ನು ಎಲ್ಲರೂ ನೋಡಿದ್ದಾರೆ. ಕೊಳವೆ ತೆಗೆಯುವುದು ಯಾರ ಫೋಟೋದಲ್ಲೂ ಬರುವುದಿಲ್ಲವಲ್ಲ!

ಇನ್ನು ಬಡವರಿಂದ ಏನನ್ನೂ ಕೇಳಲೇಬಾರದು ಎಂದು ತೀರ್ಮಾನಿಸುವುದು ಸುಲಭ, ಆದರೆ ಅದೂ ಸರಿಯಲ್ಲ. ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕಾಸು ಹಾಕಿದ ವಿಧವೆಯನ್ನು ಯೇಸುಸ್ವಾಮಿ ತಡೆಯಲಿಲ್ಲ, ಹೊಗಳಿದರು. ಕೊಡುವ ಗೌರವ ಉಳ್ಳವರ ಸ್ವತ್ತಲ್ಲ. ಆದರೆ ಸಂತ ಮಾರ್ಕರ ಶುಭಸಂದೇಶದಲ್ಲಿ ಆ ಘಟನೆಗೆ ತೀರಾ ಹಿಂದಿನ ಸಾಲುಗಳನ್ನು ನೋಡಿದರೆ, ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಅವರು ಖಂಡಿಸಿರುತ್ತಾರೆ. ಎರಡೂ ಒಂದೇ ಅಧ್ಯಾಯದಲ್ಲಿ, ಒಂದರ ಬೆನ್ನಿಗೊಂದು. ವಿಧವೆ ಕೊಟ್ಟದ್ದನ್ನು ಹೊಗಳುವ ಬಾಯಿಗೆ, ಅವಳಿಂದ ಕಿತ್ತುಕೊಳ್ಳುವವರನ್ನು ಬೈಯುವ ಕರ್ತವ್ಯವೂ ಇದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಈ ವರ್ಷ ಆಗಮನ ಕಾಲದಲ್ಲಿ ಸಮಾಧಿಭೂಮಿಯ ಹಿಂದಿನ ಗೋಡೆಯ ಕೆಲಸಕ್ಕೆ ಕೈ ಹಾಕಿದಾಗ ಇದನ್ನೆಲ್ಲ ಮುಂದಿಟ್ಟುಕೊಂಡು ಫಾದರ್ ಮತ್ತು ಸಮಿತಿಯವರ ಜೊತೆ ಮಾತಾಡಿದೆವು. ಗಾರೆ ಕೆಲಸ ನಮ್ಮ ಧರ್ಮಕೇಂದ್ರದವರೇ ಆದ ಮೇಸ್ತ್ರಿಗೆ, ಹೊರಗಿನವರಿಗೆ ಕೊಡುವ ಪೂರ್ತಿ ದರದಲ್ಲಿ, ಅದೇ ಸಂಜೆ ಬಟವಾಡೆ. ಅವರು ಅದರಲ್ಲಿ ಏನಾದರೂ ಕಾಣಿಕೆ ಪೆಟ್ಟಿಗೆಗೆ ಹಾಕಿದರೋ ಇಲ್ಲವೋ ಯಾರೂ ನೋಡುವುದಿಲ್ಲ. ಶ್ರಮದಾನಕ್ಕೆ ಬಂದವರ ಹೆಸರನ್ನು ಪೂಜೆಯಲ್ಲಿ ಓದುವುದನ್ನು ನಿಲ್ಲಿಸಿದ್ದೇವೆ, ಏಕೆಂದರೆ ಬಂದವರ ಪಟ್ಟಿ ಓದಿದರೆ ಬಾರದವರ ಪಟ್ಟಿಯೂ ತಾನಾಗಿ ಓದಿದಂತೆ ಆಗುತ್ತದೆ. ಇದಕ್ಕೆ ಕೆಲವರು ಬೇಸರಪಟ್ಟರು. ಪಡಲಿ.

ಪೂರ್ತಿ ಬಗೆಹರಿಯದ್ದು ದಿನದ ವಿಷಯ. ಶನಿವಾರ ಇಟ್ಟರೆ ಪೀಸ್ಲೆಕ್ಕದವರ, ಹೊಲದ ಕೂಲಿಯವರ ದಿನ ಹೋಗುತ್ತದೆ. ಭಾನುವಾರ ಇಟ್ಟರೆ, ವಾರವಿಡೀ ದುಡಿದವರಿಗೆ ದೇವರೇ ಕೊಟ್ಟ ಒಂದು ವಿಶ್ರಾಂತಿಯ ದಿನಕ್ಕೆ ನಾವು ಸಲಿಕೆ ಹಿಡಿಸಿದಂತೆ. “ಪ್ರಭುವಿನ ದಿನ ಮಣ್ಣು ಹೊರೋದಾ?” ಎಂದು ಹಿರಿಯರೊಬ್ಬರು ಕೇಳಿದರು, ಅವರ ಮಾತಿನಲ್ಲಿ ತೂಕವಿದೆ. ಸತ್ತವರ ಸಮಾಧಿ ನೋಡಿಕೊಳ್ಳುವುದು ದಯೆಯ ಕಾರ್ಯಗಳಲ್ಲಿ ಒಂದು ಎಂದು ಫಾದರ್ ಹೇಳಿದರು. ಸದ್ಯಕ್ಕೆ ಭಾನುವಾರ ಎರಡು ಗಂಟೆ ಮಾತ್ರ, ಆಮೇಲೆ ಎಲ್ಲರೂ ಜೊತೆಗೆ ಊಟ ಎಂದಾಗಿದೆ. ಜೀನ್ಸ್ ಹೊಲಿಯುವ ಹುಡುಗ ಕಳೆದ ವಾರ ಬಂದಿದ್ದ, ಊಟ ಮಾಡಿ ಹೋದ. ಈ ವಾರ ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಕೇಳಿಯೂ ಇಲ್ಲ.

ಗೋಡೆ ಮುಗಿದಿದೆ. ಅದರ ಹಿಂದಿನ ಚರಂಡಿಯ ಹೂಳು ಸುಮಾರು ಮೂವತ್ತು ಅಡಿ ಉದ್ದಕ್ಕೆ ಉಳಿದಿದೆ. ಬರುವ ಭಾನುವಾರ ತೆಲುಗು ಪೂಜೆ ಮುಗಿದ ಮೇಲೆ ಶುರು. ಎರಡು ಸಲಿಕೆ, ಒಂದು ಮಂಕರಿ ಕಡಿಮೆ ಬೀಳುತ್ತಿವೆ, ಮನೆಯಲ್ಲಿ ಇದ್ದವರು ತರಬಹುದು.